ಪೌ: ನೆಟ್‌ವರ್ಕ್ ಸಿಗದ ಊರಿಗೆ ಹೇಳಿ ಮಾಡಿಸಿದ ಸಾಕುಪ್ರಾಣಿ

2012ರಲ್ಲಿ ಬಂದ ಆಪ್‌ಗೆ ಈಗ ವಿಮರ್ಶೆ ಯಾಕೆ ಅಂತ ಕೇಳಬಹುದು. ನಮ್ಮನೆಯಲ್ಲಿ ಅದು ಇನ್ನೂ ಇದೆ, ಅದಕ್ಕೇ. ಫೋನು ಬದಲಾದವು, ಎಷ್ಟೋ ಗೇಮ್‌ಗಳು ಬಂದು ಹೋದವು. ಪೌ ಮಾತ್ರ ಜಾಗ ಬಿಟ್ಟು ಕದಲಿಲ್ಲ.

ನೋಡದವರಿಗೆ ಹೇಳುತ್ತೇನೆ. ತುದಿ ಚೂಪಾಗಿರುವ ರಾಗಿಮುದ್ದೆಗೆ ಕಣ್ಣು, ಬಾಯಿ ಇಟ್ಟರೆ ಹೇಗಿರುತ್ತದೋ ಹಾಗಿದೆ ಈ ಪ್ರಾಣಿ. ಹಸಿವು, ಆರೋಗ್ಯ, ಆಟ, ನಿದ್ದೆ, ಇಷ್ಟನ್ನು ನೀವು ನೋಡಿಕೊಳ್ಳಬೇಕು. ಅಡುಗೆಮನೆಯಲ್ಲಿ ತಿನ್ನಿಸಬೇಕು, ಬಚ್ಚಲಲ್ಲಿ ಸೋಪು ಹಚ್ಚಿ ತೊಳೆಯಬೇಕು. ಅತಿಯಾಗಿ ತಿನ್ನಿಸಿದರೆ ದಪ್ಪಗಾಗುತ್ತದೆ. ಚಿಕ್ಕ ಚಿಕ್ಕ ಗೇಮ್ ಆಡಿ ಕಾಯಿನ್ ಗಳಿಸಿದರೆ ತಿಂಡಿ, ಟೋಪಿ, ಕನ್ನಡಕ ಎಲ್ಲ ಕೊಳ್ಳಬಹುದು. ಇದನ್ನು ಮಾಡಿದವರು ಲೆಬನಾನಿನ ಪಾಲ್ ಸಲಾಮೆ. ಪ್ಲೇ ಸ್ಟೋರ್‌ನಲ್ಲಿ ಡೌನ್‌ಲೋಡ್ 50 ಕೋಟಿ ದಾಟಿದೆ.

ನಮ್ಮದು ಚಿಕ್ಕಮಗಳೂರು ಕಡೆಯ ಆಲ್ದೂರಿನಿಂದ ಒಳಗೆ, ತೋಟದ ಮನೆ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಎಲ್ಲೋ ಒಂದು ಕಡೆ ಲೈನ್ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಸಿಗ್ನಲ್ಲೂ ಹೋಗುತ್ತದೆ. ಆಗ ಮಿಕ್ಕ ಆಪ್‌ಗಳೆಲ್ಲ ಲೋಡಿಂಗ್ ಅಂತ ಸುತ್ತುತ್ತಾ ಕೂರುತ್ತವೆ. ಪೌಗೆ ನೆಟ್ ಬೇಡ. ನನ್ನ ಮಟ್ಟಿಗೆ ಇದರ ದೊಡ್ಡ ಗುಣ ಇದೇ.

ಅಂಥ ಸಂಜೆಗಳಲ್ಲಿ ನನ್ನ ಮಗಳು ಒಲೆ ಹತ್ತಿರ ಕೂತು ಅದಕ್ಕೆ ತಿನ್ನಿಸುತ್ತಾಳೆ. ತಿಂಡಿಯನ್ನು ಬೆರಳಲ್ಲಿ ಎಳೆದು ಬಾಯಿಯ ಹತ್ತಿರ ತಂದರೆ ಅದು ಬಾಯಿ ತೆರೆಯುತ್ತದೆ. ಪಕ್ಕದಲ್ಲಿ ನಮ್ಮ ಅತ್ತೆ ಕನ್ನಡಕ ಏರಿಸಿಕೊಂಡು ನೋಡುತ್ತಿರುತ್ತಾರೆ.

“ಎಷ್ಟು ತಿನ್ನಿಸ್ತೀಯೇ, ಸಾಕು. ಮಲಗಿಸು ಅದನ್ನ.”

“ಇನ್ನೊಂದೇ ಒಂದು ಅಜ್ಜಿ.”

“ನಿಂಗೆ ಊಟ ಮಾಡಿಸೋಕೆ ನಾನು ಪಟ್ಟ ಪಾಡು ನೋಡ್ಬೇಕಿತ್ತು ಅದು.”

ದೀಪ ಒತ್ತಿದರೆ ರೂಮು ಕತ್ತಲಾಗುತ್ತದೆ, ಪೌ ಕಣ್ಣು ಮುಚ್ಚುತ್ತದೆ. ಆಮೇಲೆ ಮಾಡೋಕೆ ಏನೂ ಇಲ್ಲ. ನಿದ್ದೆ ತುಂಬೋಕೆ ಹೊತ್ತು ಹಿಡಿಯುತ್ತದೆ, ಎಬ್ಬಿಸಲು ಮಗಳಿಗೇ ಮನಸ್ಸಾಗೋದಿಲ್ಲ. ಹಾಗಾಗಿ ಫೋನು ತಾನಾಗಿಯೇ ಕೆಳಗೆ ಬರುತ್ತದೆ. ‘ಫೋನ್ ಇಡು’ ಅಂತ ನಾನು ಕೂಗೋದು ತಪ್ಪಿತು.

ಹಾಸನದಲ್ಲಿರುವ ನನ್ನ ತಂಗಿ ಮನೆಯಲ್ಲಿ ವೈಫೈ ಇದೆ. ಅವಳ ಮಗನ ಟ್ಯಾಬ್‌ನಲ್ಲಿ ಟಾಕಿಂಗ್ ಟಾಮ್ ಇದೆ. ಅದೂ ಸಾಮಾನ್ಯದ್ದಲ್ಲ. ಸ್ಲೊವೇನಿಯಾದಲ್ಲಿ ಹುಟ್ಟಿದ ಔಟ್‌ಫಿಟ್7 ಕಂಪನಿ 2010ರಲ್ಲಿ ಮಾತಾಡುವ ಬೆಕ್ಕು ತಂದಿತು, 2013ರಲ್ಲಿ ಅದನ್ನೇ ಸಾಕುವ ಆಟ ಮಾಡಿತು. 2017ರಲ್ಲಿ ಚೀನಾದ ಹೂಡಿಕೆದಾರರು ಸುಮಾರು 100 ಕೋಟಿ ಡಾಲರ್ ಕೊಟ್ಟು ಕಂಪನಿಯನ್ನೇ ಕೊಂಡರು. ಬೆಕ್ಕಿಗೆ ಮೀನು ತಿನ್ನಿಸೋ ಆಟಕ್ಕೆ! ನೋಡೋಕೆ ಟಾಮ್ ಚೆಂದ, ಒಪ್ಪುತ್ತೇನೆ. ರೋಮ ಒಂದೊಂದೂ ಕಾಣುತ್ತದೆ. ಆದರೆ ಮಾಡಬೇಕಾದ ಕೆಲಸಗಳೂ, ಕೊಳ್ಳಬೇಕಾದ ಸಾಮಾನೂ ಜಾಸ್ತಿ. ತಂಗಿ ಮಗ ಇಲ್ಲಿಗೆ ಬಂದಾಗ “ದೊಡ್ಡಮ್ಮ, ಪೌ ಕೊಡಿ” ಅಂತಲೇ ಕೇಳುತ್ತಾನೆ.

ಅದೇ ಕಂಪನಿಯ ಏಂಜೆಲಾ ಬೆಕ್ಕಿನ ಮೇಲೆ ಒಂದು ಗಾಳಿಸುದ್ದಿ ಇದೆಯಲ್ಲ, ಕಣ್ಣೊಳಗೆ ಕ್ಯಾಮೆರಾ, ಆ ಕಡೆ ಯಾರೋ ಕೂತು ಮಕ್ಕಳನ್ನು ನೋಡ್ತಾರೆ ಅಂತ. 2014ರಲ್ಲಿ ಫೇಸ್‌ಬುಕ್‌ನಲ್ಲಿ ಭಾರೀ ಓಡಾಡಿದ್ದು, ಆಮೇಲೂ ಆಗಾಗ ಎದ್ದು ಬರುತ್ತಲೇ ಇದೆ. ಬೆಕ್ಕಿನ ಬಾಯಲ್ಲಿ ಮಕ್ಕಳ ಪ್ರಶ್ನೆಗೆ ಉತ್ತರ ಕೊಡುತ್ತಿದ್ದದ್ದು ಪ್ರೋಗ್ರಾಂ, ಮನುಷ್ಯ ಅಲ್ಲ. ಹೆದರಬೇಕಾದ್ದು ದುಡ್ಡಿನ ವಿಷಯಕ್ಕೆ. ತಂಗಿ ಇನ್ಯಾವುದೋ ನಾಯಿಮರಿ ಆಪ್ ಹಾಕಿದ್ದಳು, ಹೆಸರು ಬೇಡ. ಫ್ರೀ ಟ್ರಯಲ್ ಅಂತ ಶುರುವಾಗಿ ಯುಪಿಐ ಆಟೋಪೇಗೆ ಬಂದು ನಿಂತಿತು. ಆಪ್ ಅಳಿಸಿದ ಮೇಲೂ ದುಡ್ಡು ಕಟ್ ಆಗುತ್ತಿತ್ತು. ಆಪ್ ತೆಗೆದರೆ ಸಬ್‌ಸ್ಕ್ರಿಪ್ಶನ್ ನಿಲ್ಲೋದಿಲ್ಲ. ಪ್ಲೇ ಸ್ಟೋರ್‌ನ ಸಬ್‌ಸ್ಕ್ರಿಪ್ಶನ್ ಪಟ್ಟಿಗೆ ಹೋಗಿ ಕ್ಯಾನ್ಸಲ್ ಮಾಡಬೇಕು, ಯುಪಿಐ ಆಪ್‌ನಲ್ಲಿ ಆಟೋಪೇ ಜಾಗವನ್ನೂ ಒಮ್ಮೆ ನೋಡಬೇಕು. ಪೌನಲ್ಲೂ ಜಾಹೀರಾತು ಇದೆ, ದುಡ್ಡು ಕೊಟ್ಟು ಕೊಳ್ಳುವ ಕಾಯಿನ್ ಇದೆ. ಮಗಳ ಕೈಗೆ ಕೊಡುವಾಗ ನಾನು ಡೇಟಾ ಆಫ್ ಮಾಡಿರುತ್ತೇನೆ, ಅಷ್ಟೇ.

ಈ ಜಾತಿಯ ಆಟಗಳ ಅಜ್ಜ ಅಂದರೆ ತಮಗೋಚಿ. 1996ರ ನವೆಂಬರ್‌ನಲ್ಲಿ ಜಪಾನಿನ ಬಂಡಾಯ್ ಕಂಪನಿ ತಂದದ್ದು. ಕೀಚೈನಿನಷ್ಟು ಪುಟ್ಟ ಮೊಟ್ಟೆ. ನೋಡಿಕೊಳ್ಳದಿದ್ದರೆ ಒಳಗಿನ ಪ್ರಾಣಿ ಸತ್ತೇ ಹೋಗುತ್ತಿತ್ತು. ಮಕ್ಕಳು ಕ್ಲಾಸಿನಲ್ಲೂ ಅದನ್ನೇ ಹಿಡಿದು ಕೂತರು ಅಂತ ಎಷ್ಟೋ ಶಾಲೆಗಳು ನಿಷೇಧ ಹಾಕಿದವು. ಲಕ್ಷಾಂತರ ಗಂಟೆಗಳ ಕೆಲಸದ ಹೊತ್ತನ್ನು ಸುಳ್ಳು ಪ್ರಾಣಿ ಸಾಕೋಕೆ ತಿರುಗಿಸಿದ್ದಕ್ಕೆ ಅದನ್ನು ಕಂಡುಹಿಡಿದ ಇಬ್ಬರಿಗೆ 1997ರಲ್ಲಿ ನೊಬೆಲ್ ಅನ್ನು ಅಣಕಿಸುವ ತಮಾಷೆಯ ಇಗ್ ನೊಬೆಲ್ ಪ್ರಶಸ್ತಿ ಬಂತು, ಅದೂ ಅರ್ಥಶಾಸ್ತ್ರದಲ್ಲಿ. ಪೌ ಸಾಯೋದಿಲ್ಲ. ಪರೀಕ್ಷೆ ಹೊತ್ತಲ್ಲಿ ಮಗಳು ಅದನ್ನು ಪೂರ್ತಿ ಮರೆತಿದ್ದಳು. ಆಮೇಲೆ ತೆಗೆದರೆ ಮೈಯೆಲ್ಲ ಕೊಳೆ, ಸಪ್ಪೆ ಮುಖ. ಸ್ನಾನ ಮಾಡಿಸಿ ತಿನ್ನಿಸಿದ್ದೇ ಮೊದಲಿನ ಹಾಗಾಯಿತು. ‘ನನ್ನನ್ನ ಬಿಟ್ಟು ಹೋದ್ಯಾ’ ಅನ್ನೋ ನಾಟಕ ಇಲ್ಲ. ಇಷ್ಟು ವರ್ಷ ಇದು ನಮ್ಮ ಫೋನಿನಲ್ಲಿ ಉಳಿದಿರೋದು ಇದೇ ಕಾರಣಕ್ಕೆ ಅಂತ ನನ್ನ ಲೆಕ್ಕ.

ಕೊರತೆ ಇಲ್ಲ ಅಂತಲ್ಲ. ಚಿತ್ರಗಳು ಹಳೇ ಕಾಲದವು. ಲೆವೆಲ್ ಮೇಲೇರಿದ ಮೇಲೆ ಹೊಸದೇನೂ ಸಿಗೋದಿಲ್ಲ, ದೊಡ್ಡ ಮಕ್ಕಳಿಗೆ ಬೋರು. ಹಾಗಾಗಿ ಐದಕ್ಕೆ ನಾಲ್ಕು ಸ್ಟಾರ್. ಅಡುಗೆಮನೆಯಲ್ಲಿ ಪಿಜ್ಜಾ, ಬರ್ಗರ್ ಇದೆ, ಕಡುಬು ಯಾಕಿಲ್ಲ ಅಂತ ಅತ್ತೆಯ ತಕರಾರು. ಅದಕ್ಕೆ ನಾನು ಸ್ಟಾರ್ ಕಳೆದಿಲ್ಲ. ಹಾಕಿಕೊಳ್ಳುವವರು ಮೊದಲ ದಿನವೇ ಇಮೇಲ್ ಕೊಟ್ಟು ಖಾತೆ ಮಾಡಿಕೊಳ್ಳಿ. ಇಲ್ಲದಿದ್ದರೆ ಹೊಸ ಫೋನ್ ಬಂದ ದಿನ ಮತ್ತೆ ಮರಿಯಿಂದಲೇ ಶುರು ಮಾಡಬೇಕಾಗುತ್ತದೆ, ಮಕ್ಕಳು ಮನೆ ತಲೆ ಮೇಲೆ ಹೊತ್ತುಕೊಳ್ಳುತ್ತಾರೆ.