ಡ್ರೈ ಫ್ಲೈ, ನಿಂಫ್: ಮೊದಲು ಯಾವುದನ್ನು ಕಲಿಯಬೇಕು?

ಫ್ಲೈ ಫಿಷಿಂಗ್ ಎಂದರೆ ಕೀಟದಂತೆ ಕಾಣುವ ಹಾಗೆ ಕಟ್ಟಿದ ಗಾಳದಿಂದ, ಅಂದರೆ ‘ಫ್ಲೈ’ಯಿಂದ, ಮೀನು ಹಿಡಿಯುವುದು. ಅದನ್ನು ಕಲಿಯಲು ಹೊರಟವರ ಮುಂದೆ ಎರಡು ದಾರಿಗಳಿವೆ. ಗರಿ, ತುಪ್ಪಳಗಳಿಂದ ಕಟ್ಟಿದ ಡ್ರೈ ಫ್ಲೈ ನೀರಿನ ಮೇಲೆ ತೇಲುತ್ತದೆ. ನಿಂಫ್ ಮುಳುಗಿ, ರೆಕ್ಕೆ ಮೂಡದ ಮರಿಕೀಟದಂತೆ ತಳದ ಬಳಿ ಸಾಗುತ್ತದೆ.

ಮೀನು ಸಿಗುವುದೇ ಮುಖ್ಯವಾದರೆ ನಿಂಫ್ ಆರಿಸಿಕೊಳ್ಳಿ. ತಣ್ಣೀರಿನ ಮೀನಾದ ಟ್ರೌಟ್ ತನ್ನ ಆಹಾರದ ಬಹುಪಾಲನ್ನು ನೀರಿನೊಳಗೇ ತಿನ್ನುತ್ತದೆ. ಆದರೆ ಅದು ಕಚ್ಚಿದ್ದು ಕಣ್ಣಿಗೆ ಕಾಣುವುದಿಲ್ಲ. ದಾರ ಕ್ಷಣಕಾಲ ತಡೆದು ನಿಂತದ್ದನ್ನು ಗಮನಿಸಬೇಕು. ಹೊಸಬರು ಸೋಲುವುದು ಇಲ್ಲೇ.

ನನ್ನ ಮನಸ್ಸು ಡ್ರೈ ಫ್ಲೈ ಕಡೆಗೇ. ಕೀಟಗಳು ನೀರಿನಿಂದ ಏಳುವ ಹೊತ್ತಿನಲ್ಲಿ ಅದು ನಿಧಾನವಾಗಿ ತೇಲಿ ಬರುತ್ತದೆ, ಕೆಳಗಿನಿಂದ ಒಂದು ನೆರಳು ಮೇಲೇರುತ್ತದೆ, ಮೂತಿ ನೀರನ್ನು ಸೀಳುತ್ತದೆ, ಉಂಗುರವೊಂದು ಹರಡುತ್ತದೆ. ನಮ್ಮ ತಪ್ಪೂ ಕಣ್ಣೆದುರೇ ಕಾಣುತ್ತದೆ: ಹರಿವು ದಾರವನ್ನು ಎಳೆದರೆ ಫ್ಲೈ ನೀರಿನ ಮೇಲೆ ಗೀರೆಳೆಯುತ್ತದೆ, ಮೀನು ತಿರುಗಿಯೂ ನೋಡುವುದಿಲ್ಲ. ಹಾಗಾಗಿ ಮೊದಲ ವರ್ಷ ಇದನ್ನೇ ಕಲಿಯಿರಿ ಎನ್ನುತ್ತೇನೆ. ಕೀಟಗಳೇ ಏಳದ ದಿನಗಳಿಗೆ ನಿಂಫ್ ಬೇಕೇ ಬೇಕು.

ಮೀನನ್ನು ಮರಳಿ ನೀರಿಗೆ ಬಿಡುವ ವಿಷಯದಲ್ಲಿ ಮಾತ್ರ ಆಯ್ಕೆಯಿಲ್ಲ. ಫ್ಲೈ ಯಾವುದಾದರೂ ಗಾಳದ ತುದಿಯ ಬಳಿಯ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನಲ್ಲೇ ಹಿಡಿದು ಬಿಡಿಸಿ. ಒಣ ಕೈ ಅದರ ಮೈಮೇಲಿನ ಲೋಳೆಯನ್ನು ಕಿತ್ತುಹಾಕುತ್ತದೆ. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟಿದ ದಿನ ಟ್ರೌಟ್ ಹಿಡಿಯಲು ಹೋಗಲೇಬೇಡಿ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ. ಸೆಣಸಿ ದಣಿದ ಮೀನು ಬಿಟ್ಟ ಮೇಲೂ ಸಾಯಬಹುದು.