ಹತ್ತು ಕಾಲಾಳುಗಳು, ಒಂದು ಕವಚವಾಹನ: ಕಟ್ಟಿ, ಬಣ್ಣ ಬಳಿದು, ಆಡಿ ನೋಡಿದ ಮೇಲೆ

ಮೇಜಿನ ಮೇಲೆ ಆಡುವ ಯುದ್ಧದಾಟಗಳಿಗಾಗಿ ತಯಾರಾದ ಸೈನ್ಸ್ ಫಿಕ್ಷನ್ ಮಾದರಿಗಳ ಪೆಟ್ಟಿಗೆಯೊಂದನ್ನು ಮೂರು ತಿಂಗಳ ಕಾಲ ಬಿಡುವಾದಾಗಲೆಲ್ಲ ಕಟ್ಟಿ, ಬಣ್ಣ ಬಳಿದು, ಐದಾರು ಆಟಗಳಲ್ಲಿ ಇಳಿಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಪೆಟ್ಟಿಗೆಯಲ್ಲಿರುವುದು ಹತ್ತು ಮಂದಿ ಕವಚಧಾರಿ ಕಾಲಾಳುಗಳು ಮತ್ತು ಅವರನ್ನು ಸಾಗಿಸಲು ಚೈನ್ ಪಟ್ಟಿಗಳ ಮೇಲೆ ಓಡುವ ಒಂದು ವಾಹನ. ಕಾಲಾಳುಗಳ ಬಗ್ಗೆ ಹೊಗಳಿಕೆ ಹೆಚ್ಚು, ವಾಹನದ ಬಗ್ಗೆ ದೂರು ಹೆಚ್ಚು. ದೂರುಗಳಲ್ಲಿ ಒಂದೆರಡಕ್ಕೆ ನನ್ನ ಕೈಯ ದೋಷವೂ ಕಾರಣವಿರಬಹುದಾದ್ದರಿಂದ ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಕಾಲಾಳುಗಳನ್ನು ರೂಪಿಸಿದವರು ಕುಂಚ ಹಿಡಿದು ಬಲ್ಲವರು. ವಾಹನವನ್ನು ರೂಪಿಸಿದವರು ಅದನ್ನು ಅಂಟಿಸುವವರೆಗಷ್ಟೇ ಯೋಚಿಸಿದ್ದಾರೆ.

ಮೊದಲು ಅಳತೆಯ ವಿಷಯ. ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಲ್ಲಿ ವಾರ್‌ಹ್ಯಾಮರ್ 40,000 ಆಟವನ್ನು ಹೊರತಂದ ನಂತರ ಈ ಬಗೆಯ ಆಟಗಳಲ್ಲಿ ಬೇರೂರಿದ ರೂಢಿಯಂತೆ ಇಲ್ಲಿಯೂ ಸೈನಿಕರ ತಲೆ, ಅಂಗೈ ಮತ್ತು ಬಂದೂಕುಗಳು ದೇಹದ ಪ್ರಮಾಣಕ್ಕಿಂತ ದಪ್ಪವಾಗಿವೆ. ಪೆಟ್ಟಿಗೆಯ ಮೇಲೆ 28 ಮಿ.ಮೀ. ಎಂದು ಅಚ್ಚಾಗಿದ್ದರೂ ನೇರ ನಿಂತ ಸೈನಿಕನನ್ನು ಅಂಗಾಲಿನಿಂದ ಕಣ್ಣಿನವರೆಗೆ ಅಳೆದಾಗ ನನಗೆ ಸಿಕ್ಕಿದ್ದು 31. ವಾಹನವಾದರೋ ಅದಕ್ಕಿಂತ ಚಿಕ್ಕ ಅಳತೆಯದು. ಆಟದ ನಿಯಮದ ಪ್ರಕಾರ ಅದರೊಳಗೆ ಹತ್ತು ಮಂದಿ ಹಿಡಿಯುತ್ತಾರೆ. ಚಾವಣಿ ಅಂಟಿಸುವ ಮುನ್ನ, ಕಾಲಡಿಯ ಬೇಸುಗಳ ಮೇಲೆ ಇನ್ನೂ ಕೂರಿಸದ ಸೈನಿಕರನ್ನು ಒಬ್ಬೊಬ್ಬರಾಗಿ ಒಳಗಿಟ್ಟು ನೋಡಿದೆ, ನಾಲ್ಕನೆಯವನೇ ಅಡ್ಡ ಮಲಗಬೇಕಾಯಿತು. ಇದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಸರಿಯಾದ ಪ್ರಮಾಣದಲ್ಲಿ ಮಾಡಿದ್ದರೆ ವಾಹನವೊಂದೇ ಮೇಜಿನ ಕಾಲುಭಾಗವನ್ನು ನುಂಗಿ, ಅದನ್ನು ಮರೆಮಾಡಲು ಗೋಡೆಯೂ ಇಲ್ಲ, ತಿರುಗಿಸಲು ಜಾಗವೂ ಇಲ್ಲ ಎಂಬಂತಾಗುತ್ತಿತ್ತು.

ಬಿಡಿಭಾಗಗಳು ಐದು ಸ್ಪ್ರೂಗಳಲ್ಲಿ, ಅಂದರೆ ಭಾಗಗಳನ್ನು ಕತ್ತರಿಸಿ ತೆಗೆಯಬೇಕಾದ ಪ್ಲಾಸ್ಟಿಕ್ ಚೌಕಟ್ಟುಗಳಲ್ಲಿ, ಬಂದಿವೆ: ಕಾಲಾಳುಗಳಿಗೆ ಎರಡು, ವಾಹನಕ್ಕೆ ಮೂರು. ಪ್ಲಾಸ್ಟಿಕ್ ಪಾಲಿಸ್ಟೈರೀನ್ ಆಗಿರುವುದು ಸಮಾಧಾನದ ಸಂಗತಿ, ಏಕೆಂದರೆ ಇದಕ್ಕೆ ಬಳಸುವ ಪ್ಲಾಸ್ಟಿಕ್ ಸಿಮೆಂಟ್ ಎಂಬ ಅಂಟು ನಿಜಾರ್ಥದಲ್ಲಿ ಅಂಟೇ ಅಲ್ಲ. ಅದು ಎರಡೂ ಅಂಚುಗಳನ್ನು ಕರಗಿಸಿ ಒಂದಾಗಿ ಬೆಸೆದು ತಾನು ಆವಿಯಾಗಿ ಹೋಗುವ ದ್ರಾವಕ. ತಮಿಯಾ ಕಂಪನಿಯ ಎಕ್ಸ್‌ಟ್ರಾ ಥಿನ್ ಸಿಮೆಂಟನ್ನು ನಾನು ಬಳಸುತ್ತೇನೆ. ಭಾಗಗಳನ್ನು ಮೊದಲೇ ಜೋಡಿಸಿ ಹಿಡಿದು, ಮುಚ್ಚಳದೊಳಗಿನ ಸಣ್ಣ ಕುಂಚದಿಂದ ಸಂದಿಗೆ ಮುಟ್ಟಿಸಿದರೆ ಸಾಕು, ಬತ್ತಿ ಎಣ್ಣೆ ಹೀರುವ ಹಾಗೆ ಸಂದಿಯೇ ಅದನ್ನು ಉದ್ದಕ್ಕೂ ಎಳೆದುಕೊಳ್ಳುತ್ತದೆ. ಸಂದಿಯ ಮೇಲೆ ಬೆರಳು ಇರಬಾರದು, ಅಷ್ಟೇ. ನನ್ನ ವಾಹನದ ಎಡಬದಿಯ ಫಲಕದ ಮೇಲೆ ಈಗಲೂ ನನ್ನ ಹೆಬ್ಬೆರಳಿನ ಗೆರೆಗಳು ಅರ್ಧ ಸೆಂಟಿಮೀಟರಿನಷ್ಟು ಉಳಿದಿವೆ. ಉಜ್ಜಿ ತೆಗೆದಷ್ಟೂ ಪಕ್ಕದ ರಿವೆಟ್‌ಗಳು ಸವೆಯುವುದನ್ನು ಕಂಡು ಕೈಬಿಟ್ಟು, ಆ ಜಾಗಕ್ಕೆ ಕೆಸರು ಬಳಿದಿದ್ದೇನೆ.

ಕಾಲಾಳುಗಳನ್ನು ಕಟ್ಟುವುದು ಸಂತೋಷದ ಕೆಲಸ. ಅಚ್ಚಿನ ಎರಡು ಹೋಳುಗಳು ಕೂಡುವಲ್ಲಿ ಏಳುವ ತೆಳುವಾದ ಗೆರೆ, ಅಂದರೆ ಮೋಲ್ಡ್ ಲೈನ್, ಸಾಮಾನ್ಯವಾಗಿ ಮುಖದ ಮೇಲೆಯೋ ಬಂದೂಕಿನ ನಳಿಕೆಯ ಮೇಲೆಯೋ ಹಾದುಹೋಗಿ ಪ್ರಾಣ ತಿನ್ನುತ್ತದೆ. ಇಲ್ಲಿ ಅದನ್ನು ತೋಳಿನ ಒಳಬದಿಗೆ, ಮೊಣಕಾಲು ಕವಚದ ಅಂಚಿಗೆ, ಬೆನ್ನುಚೀಲದ ಮಡಿಕೆಗೆ ಸರಿಸಿದ್ದಾರೆ. ಚಾಕುವಿನ ಅಲಗಿನ ಬೆನ್ನಿನಿಂದ ಎರಡು ಸಲ ಕೆರೆದರೆ ಹೋಗುತ್ತದೆ. ಅದಕ್ಕಿಂತ ಮೆಚ್ಚಬೇಕಾದದ್ದು ಬಂದೂಕು ಹಿಡಿದ ಕೈಗಳ ವ್ಯವಸ್ಥೆ. ಎರಡೂ ಮುಂಗೈಗಳು ಬಂದೂಕಿನೊಂದಿಗೆ ಒಂದೇ ತುಂಡಾಗಿ ಬಂದು, ಮೊಣಕೈಯ ಬಳಿ ಮಾತ್ರ ಕೂಡುತ್ತವೆ. ಆ ತುಂಡನ್ನು ಅಂಟಿಸದೆ ಬಿಟ್ಟು, ಎದೆಕವಚಕ್ಕೆ ಕುಂಚ ಸಲೀಸಾಗಿ ಆಡುವಂತೆ ಬಣ್ಣ ಬಳಿದು, ಕೊನೆಗೆ ಕೂರಿಸಬಹುದು. ಬಂದೂಕಿನ ಹಿಂದೆ ಅಡಗಿದ ಎದೆಯ ಮೂಲೆಗಳಿಗೆ ಕುಂಚದ ತುದಿಯನ್ನು ಓರೆಯಾಗಿ ತೂರಿಸಿ ಬಣ್ಣ ಚೆಲ್ಲಾಡಿಸಿಕೊಂಡವರಿಗೆ ಈ ಉಪಕಾರದ ಬೆಲೆ ಗೊತ್ತು.

ಬಣ್ಣಕ್ಕೂ ಈ ಸೈನಿಕರು ಅಷ್ಟೇ ಚೆನ್ನಾಗಿ ಒಗ್ಗುತ್ತಾರೆ. ಮೊದಲು ಎಲ್ಲ ಕಡೆಯಿಂದ ಕಪ್ಪು ಪ್ರೈಮರ್ (ಬಣ್ಣ ಹಿಡಿಯಲು ಕೊಡುವ ಅಡಿಲೇಪ), ಅದು ಒಣಗಿದ ಮೇಲೆ ನೆತ್ತಿಯ ಕಡೆಯಿಂದ ಮಾತ್ರ ಬಿಳಿ ಪ್ರೈಮರ್ ಸಿಂಪಡಿಸಿದೆ. ಬೆಳಕು ಮೇಲಿನಿಂದ ಬಿದ್ದರೆ ಎಲ್ಲೆಲ್ಲಿ ನೆರಳು ನಿಲ್ಲುತ್ತದೆ ಎಂಬುದು ಆಗಲೇ ಗುರುತಾಗುತ್ತದೆ. ಅದರ ಮೇಲೆ ಒಂದೇ ಲೇಪದ ಬಣ್ಣಗಳನ್ನು ಬಳಸಿದೆ. ಗೇಮ್ಸ್ ವರ್ಕ್‌ಶಾಪಿನದೇ ಬಣ್ಣದ ಬ್ರ್ಯಾಂಡ್ ಸಿಟಾಡೆಲ್ 2019ರಲ್ಲಿ ಕಾಂಟ್ರಾಸ್ಟ್ ಎಂಬ ಹೆಸರಿನಲ್ಲಿ ಇವುಗಳನ್ನು ಜನಪ್ರಿಯಗೊಳಿಸಿದ ನಂತರ ಬೇರೆ ಕಂಪನಿಗಳೂ ತಮ್ಮತಮ್ಮ ಹೆಸರಿನಲ್ಲಿ ಹೊರತಂದಿವೆ. ಬಣ್ಣವು ಉಬ್ಬಿನಿಂದ ಜಾರಿ ತಗ್ಗಿನಲ್ಲಿ ನಿಂತು, ಮೂಲಬಣ್ಣ ಮತ್ತು ನೆರಳು ಎರಡನ್ನೂ ಒಟ್ಟಿಗೆ ಕೊಡುವುದು ಇವುಗಳ ಗುಣ. ಈ ಸೈನಿಕರ ಕವಚದ ಸಂದುಗಳು ಆಳವಾಗಿಯೂ ಅಂಚುಗಳು ಚೂಪಾಗಿಯೂ ಇರುವುದರಿಂದ ಹತ್ತು ಮಂದಿಯ ಹಸಿರು ಕವಚ ಒಂದೇ ಸಂಜೆಯಲ್ಲಿ ಮುಗಿಯಿತು. ಕಣ್ಣಿನ ಗಾಜುಗಳಿಗೆ ಮಾತ್ರ ಸಮಯ ಕೊಡಬೇಕು: ಮೊದಲು ಕಡುಗೆಂಪು, ಕೆಳಮೂಲೆಯಲ್ಲಿ ಕಿತ್ತಳೆ, ಅದಕ್ಕೆ ಎದುರಾದ ಮೇಲಿನ ಮೂಲೆಯಲ್ಲಿ ಸಾಸಿವೆಗಿಂತ ಚಿಕ್ಕದಾದ ಒಂದು ಬಿಳಿ ಚುಕ್ಕೆ. ಆ ಚುಕ್ಕೆ ಬಿದ್ದ ಗಳಿಗೆಯಲ್ಲಿ ಪ್ಲಾಸ್ಟಿಕ್ ಗುಬುಟು ಗಾಜಾಗುತ್ತದೆ.

ಇದೇ ಭರವಸೆಯಿಂದ ವಾಹನಕ್ಕೆ ಕೈಹಾಕಿದ್ದು ನನ್ನ ಮೊದಲ ತಪ್ಪು. ಕೈಪಿಡಿ ಅಂದವಾಗಿದೆ, ಚಿತ್ರಗಳು ಸ್ಪಷ್ಟವಾಗಿವೆ, ಆದರೆ ಅದು ಹೇಳುವ ಕ್ರಮದಲ್ಲಿ ಹೋದರೆ ನಾಲ್ಕನೆಯ ಹೆಜ್ಜೆಗೇ ಒಳಗಿನ ಆಸನಗಳ ಮೇಲೆ ಚಾವಣಿ ಮುಚ್ಚಿಹೋಗುತ್ತದೆ. ಹಿಂಬಾಗಿಲು ತೆರೆಯುವಂತೆ ಮಾಡಿ, ಆಸನಪಟ್ಟಿಯ ಬಕಲ್‌ವರೆಗೆ ಕೆತ್ತಿದ ಒಳಭಾಗಕ್ಕೆ ಬಣ್ಣ ಬಳಿಯುವುದು ಹೇಗೆಂಬ ಪ್ರಶ್ನೆ ಅದನ್ನು ಬರೆದವರಿಗೆ ಹೊಳೆದಂತಿಲ್ಲ. ಏಳನೆಯ ಹೆಜ್ಜೆಯಲ್ಲಿ ಚೈನ್ ಪಟ್ಟಿಗಳನ್ನು ಅಂಟಿಸಿ, ಎಂಟನೆಯದರಲ್ಲಿ ಅದರ ಮೇಲೆ ಪಕ್ಕದ ಕವಚ ಹೊದಿಸಲು ಹೇಳುತ್ತಾರೆ. ಅಷ್ಟಾದ ಮೇಲೆ ಒಳಗಿನ ಗಾಲಿಗಳಿಗೆ ಕುಂಚ ಮುಟ್ಟುವುದಿಲ್ಲ. ಕೊಳ್ಳುವವರು ಕೈಪಿಡಿಯನ್ನು ಒಮ್ಮೆ ಪೂರ್ತಿ ಓದಿ, ಒಳಕೋಣೆ, ಒಡಲು, ಚಾವಣಿ, ಎರಡು ಚೈನ್ ಪಟ್ಟಿಗಳು, ಮೇಲಿನ ಬಂದೂಕುಗೋಪುರ, ಹೀಗೆ ಆರು ಬಿಡಿಜೋಡಣೆಗಳಾಗಿ ವಿಂಗಡಿಸಿಕೊಂಡು ಬಣ್ಣದ ನಂತರವೇ ಒಂದುಗೂಡಿಸುವುದು ಒಳ್ಳೆಯದು. ಕೂಡುವ ಅಂಚುಗಳಿಗೆ ಬಣ್ಣ ತಾಗದಂತೆ ಟೇಪ್ ಹಚ್ಚುವುದನ್ನು ಮರೆಯಬಾರದು, ಏಕೆಂದರೆ ಬಣ್ಣದ ಪದರವನ್ನು ದಾಟಿ ಪ್ಲಾಸ್ಟಿಕ್ ಸಿಮೆಂಟ್ ಸರಿಯಾಗಿ ಬೆಸೆಯುವುದಿಲ್ಲ. ಗೋಪುರವನ್ನು ನಾನು ಅಂಟಿಸಲೇ ಇಲ್ಲ, 5 ಮಿ.ಮೀ. ಅಗಲದ ಎರಡು ಅಯಸ್ಕಾಂತಗಳನ್ನು ಸೂಪರ್ ಗ್ಲೂನಿಂದ ಕೂರಿಸಿದ್ದರಿಂದ ಪೆಟ್ಟಿಗೆಯಲ್ಲಿರುವ ಮೂರೂ ಆಯುಧಗಳನ್ನು ಬೇಕೆಂದಾಗ ಬದಲಿಸಬಹುದು.

ಇನ್ನು ಚಾವಣಿ ಮತ್ತು ಒಡಲು ಕೂಡುವ ಸಂದು. ಬಲಬದಿಯಲ್ಲಿ ಉಗುರು ತೂರುವಷ್ಟು ಅಂತರ ಉಳಿಯಿತು. ರಬ್ಬರ್ ಬ್ಯಾಂಡ್ ಬಿಗಿದು ರಾತ್ರಿಯಿಡೀ ಇಟ್ಟರೂ ಕೂಡಲಿಲ್ಲ. ಕೊನೆಗೆ ಸ್ಪ್ರೂವಿನ ಚೂರುಗಳನ್ನು ಅದೇ ಸಿಮೆಂಟಿನಲ್ಲಿ ಕರಗಿಸಿ, ದೋಸೆಹಿಟ್ಟಿನ ಹದಕ್ಕೆ ತಂದು, ಸಂದಿಗೆ ತುಂಬಿ, ಎರಡು ದಿನ ಒಣಗಲು ಬಿಟ್ಟು ಮರಳುಕಾಗದದಿಂದ ಸಮ ಮಾಡಿದೆ. ತುಂಬಿದ್ದೂ ಅದೇ ಪ್ಲಾಸ್ಟಿಕ್ ಆದ್ದರಿಂದ ಪ್ರೈಮರ್ ಬಿದ್ದ ಮೇಲೆ ಗುರುತು ಸಿಗುವುದಿಲ್ಲ. ಆದರೂ ಹೊಸ ಪೆಟ್ಟಿಗೆಯೊಂದು ಇಷ್ಟನ್ನು ಕೇಳಬಾರದು.

ವಾಹನದ ಬಣ್ಣದಲ್ಲಿ ಸೋತದ್ದು ನಾನೇ. ಸೈನಿಕರಿಗೆ ಬಳಿದ ಅದೇ ಹಸಿರನ್ನು ಪಕ್ಕದ ಅಗಲ ಫಲಕಗಳಿಗೂ ಹಚ್ಚಿದಾಗ, ಜಾರಲು ಉಬ್ಬೂ ಇಲ್ಲದೆ ನಿಲ್ಲಲು ತಗ್ಗೂ ಇಲ್ಲದೆ ಬಣ್ಣ ಕಲೆಕಲೆಯಾಗಿ, ನೀರು ಸೋರಿದ ಗೋಡೆಯ ಹಾಗೆ ಒಣಗಿತು. ಇದು ಆ ಬಗೆಯ ಬಣ್ಣದ ಸ್ವಭಾವವೇ ಹೊರತು ಕಿಟ್‌ನ ದೋಷವಲ್ಲ. ಮತ್ತೆ ಪ್ರೈಮರ್ ಹೊಡೆದು, ಸಾಮಾನ್ಯ ಅಕ್ರಿಲಿಕ್ ಬಣ್ಣವನ್ನು ನೀರಿನಲ್ಲಿ ಹಾಲಿನ ಹದಕ್ಕೆ ತೆಳುಮಾಡಿ, ಚಪ್ಪಟೆ ಕುಂಚದಿಂದ ಮೂರು ಲೇಪ ಕೊಟ್ಟ ಮೇಲೆ ಫಲಕಗಳು ಸಮನಾದವು. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇದ್ದವರಿಗೆ ಈ ತೊಂದರೆಯೇ ಇಲ್ಲ. ನಂತರ ಹೊಳಪು ವಾರ್ನಿಷ್ ಹಚ್ಚಿ, ತೆಳುಮಾಡಿದ ಕಂದು ತೈಲವರ್ಣವನ್ನು ಕುಂಚದ ತುದಿಯಿಂದ ರಿವೆಟ್‌ಗಳ ಸುತ್ತ ಮತ್ತು ಫಲಕಗಳ ಗೆರೆಗಳಿಗೆ ಹರಿಸಿದೆ. ವಾರ್ನಿಷ್ ಇಲ್ಲದ ಬರಿಯ ಪ್ಲಾಸ್ಟಿಕ್ಕಿನ ಸಂದಿಯಲ್ಲಿ ತೈಲವರ್ಣ ತೆಳುಮಾಡುವ ದ್ರಾವಕ ನಿಂತರೆ ಭಾಗಗಳು ಪೆಡಸಾಗಿ ಬಿರಿಯಬಹುದು, ಆದ್ದರಿಂದ ಆ ಪದರ ಬರಿಯ ಅಂದಕ್ಕಲ್ಲ. ಅದೇ ಹೊಳಪಿನ ಮೇಲೆ ಡೆಕಾಲ್‌ಗಳನ್ನು, ಅಂದರೆ ನೀರಿನಲ್ಲಿ ನೆನೆಸಿ ಕೂರಿಸುವ ಅಚ್ಚಿನ ಚಿತ್ರಗಳನ್ನು, ಕೂರಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಕಾಣುವ ಕಾಟವೂ ತಪ್ಪುತ್ತದೆ. ಪೆಟ್ಟಿಗೆಯ ಡೆಕಾಲ್ ಹಾಳೆ ಉತ್ತಮವಾಗಿದೆ. ಅಂಕಿಗಳು ತೆಳು, ಅಚ್ಚು ಚೊಕ್ಕ, ಸೈನಿಕರ ದುಂಡು ಭುಜಕ್ಕೂ ಮೃದುಗೊಳಿಸುವ ದ್ರವದ ಎರಡು ಹನಿಗೆ ಒಗ್ಗಿ ಕೂರುತ್ತವೆ.

ಆಟದ ಮೇಜಿನ ಮೇಲೆ ಎರಡೂ ಚೆನ್ನಾಗಿ ಬಾಳಿವೆ. 32 ಮಿ.ಮೀ. ಬೇಸುಗಳ ಮೇಲೆ ಸೈನಿಕರು ಇಳಿಜಾರಿನಲ್ಲಿಯೂ ಉರುಳುವುದಿಲ್ಲ, ಬಂದೂಕಿನ ತುದಿಗಳಲ್ಲಿ ಬಣ್ಣ ಎದ್ದಿಲ್ಲ. ವಾಹನದ ಆಂಟೆನಾ ಮಾತ್ರ ಎರಡನೆಯ ಆಟದಲ್ಲಿಯೇ ಅಂಗಿಯ ತೋಳಿಗೆ ಸಿಕ್ಕಿ ಮುರಿಯಿತು. ಅದರ ಜಾಗದಲ್ಲಿ ಈಗ ಹಳೆಯ ಬ್ರಷ್ಷಿನಿಂದ ಕಿತ್ತ ಒಂದು ನೈಲಾನ್ ಎಳೆ ಇದೆ, ಅದು ಬಾಗುತ್ತದೆ, ಮುರಿಯುವುದಿಲ್ಲ. ಕಾಲಾಳುಗಳ ಸ್ಪ್ರೂಗಳನ್ನು ಇದೇ ತಯಾರಕರು ಪ್ರತ್ಯೇಕವಾಗಿಯೂ ಮಾರುತ್ತಾರೆ. ನಾನು ಇನ್ನೂ ಹತ್ತು ಮಂದಿಯನ್ನು ತರಿಸಿದ್ದೇನೆ. ಎರಡನೆಯ ವಾಹನವನ್ನು ತರಿಸಿಲ್ಲ.