ಬಳಸಿದ ಬೋರ್ಡ್ ಗೇಮ್ ಕೊಳ್ಳುವವರೇ, ಕಾರ್ಡ್‌ಗಳ ಹಿಂಬದಿ ನೋಡಿಯೇ ಹಣ ಕೊಡಿ: ನನಗೆ ನಕಲಿ ವಿಂಗ್‌ಸ್ಪ್ಯಾನ್ ಮಾರಿದರು

ಬೆಂಗಳೂರಿನಲ್ಲಿ ಬಳಸಿದ ಬೋರ್ಡ್ ಗೇಮ್ ಕೊಳ್ಳುವವರೆಲ್ಲ ದಯವಿಟ್ಟು ಇದನ್ನು ಪೂರ್ತಿ ಓದಿ. ಕೈಯಿಂದ ಕೈಗೆ ಮಾರಾಟವಾಗುವ ಪೆಟ್ಟಿಗೆಗಳ ನಡುವೆ ನಕಲಿ ಪೆಟ್ಟಿಗೆಗಳು ಸೇರಿಕೊಂಡಿವೆ. ನನ್ನ ಮನೆಗೇ ಒಂದು ಬಂದು ಕೂತಿದೆ. ಮೊಟ್ಟೆ, ದಾಳ, ನಿಯಮಗಳ ಪುಸ್ತಕ ಎಲ್ಲವೂ ಇರುವ, ಎಣಿಸಿದರೆ ಲೆಕ್ಕವೂ ಸರಿಹೋಗುವ ನಕಲಿ ಅದು. ಮಾರಿದವರು 3,800 ರೂಪಾಯಿ ತೆಗೆದುಕೊಂಡರು. ಹಣ ವಾಪಸ್ ಕೊಟ್ಟಿಲ್ಲ, ಕೊಡುವುದಿಲ್ಲ ಎಂದೂ ಹೇಳಿದ್ದಾರೆ. ಅವರು ಕೊಟ್ಟ ಉತ್ತರಗಳನ್ನು ಕೆಳಗೆ ಬರೆದಿದ್ದೇನೆ. ಓದಿದರೆ ನಿಮಗೂ ಮೈ ಉರಿಯುತ್ತದೆ.

ಆಟ ವಿಂಗ್‌ಸ್ಪ್ಯಾನ್. ಎಲಿಜಬೆತ್ ಹಾರ್ಗ್ರೇವ್ ರೂಪಿಸಿದ, 2019ರಲ್ಲಿ ಬಂದು ಅದೇ ವರ್ಷ ಜರ್ಮನಿಯ ಕೆನರ್‌ಸ್ಪೀಲ್ ಪ್ರಶಸ್ತಿ ಗೆದ್ದ ಹಕ್ಕಿಗಳ ಆಟ. ಮೂಲ ಪೆಟ್ಟಿಗೆಯಲ್ಲಿ ಉತ್ತರ ಅಮೆರಿಕದ 170 ಹಕ್ಕಿಗಳಿವೆ. ಯುರೋಪಿನ 81 ಹಕ್ಕಿಗಳ ವಿಸ್ತರಣೆಯನ್ನು ತಂಗಿ ಹುಟ್ಟುಹಬ್ಬಕ್ಕೆ ಅಂಗಡಿಯಿಂದ ತಂದುಕೊಟ್ಟಿದ್ದಳು. ಆದರೆ ವಿಸ್ತರಣೆಯೊಂದನ್ನೇ ಇಟ್ಟುಕೊಂಡು ಆಡಲು ಬರುವುದಿಲ್ಲ, ಮೂಲ ಆಟ ಬೇಕೇ ಬೇಕು. ಮೂಲ ಆಟವಿದ್ದ ಗೆಳೆಯ ಮೈಸೂರಿಗೆ ಹೋದಮೇಲೆ ನಮ್ಮ ಗುಂಪಿನಲ್ಲಿ ಅದು ಯಾರ ಬಳಿಯೂ ಇರಲಿಲ್ಲ. ಹೊಸದರ ಬೆಲೆ ನಿಮಗೆಲ್ಲ ಗೊತ್ತೇ ಇದೆ. ಹಾಗಾಗಿ ಬಳಸಿದ ಪೆಟ್ಟಿಗೆಗಾಗಿ ಕಾಯುತ್ತಿದ್ದೆ.

ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರು ಹಾಕಿದರು. ಅಣ್ಣ ಅಮೆರಿಕದಿಂದ ತಂದದ್ದಂತೆ, ಒಂದೆರಡು ಸಲ ಮಾತ್ರ ಆಡಿದ್ದಂತೆ, ಈಗ ಪುಣೆಗೆ ವರ್ಗವಾಗಿರುವುದರಿಂದ ಸಂಗ್ರಹವನ್ನೆಲ್ಲ ಮಾರುತ್ತಿದ್ದಾರಂತೆ. ಮಾತು ಬಹಳ ಹಿತವಾಗಿತ್ತು. ಮೊದಲು ನನ್ನನ್ನು ‘ಸರ್’ ಎಂದರು, ಆಮೇಲೆ ‘ಬ್ರದರ್’ ಎಂದರು. ನಾನು ಮೂರೂವರೆ ಸಾವಿರಕ್ಕೆ ಕೇಳಿದಾಗ, ‘ಬ್ರದರ್, ಮಗುವಿನ ಹಾಗೆ ನೋಡಿಕೊಂಡ ಆಟ ಇದು, ಚೌಕಾಸಿ ಮಾಡಬೇಡಿ’ ಎಂದರು. ಈ ಮಾತನ್ನು ಇವತ್ತಿಗೂ ಮರೆಯಲು ಆಗುತ್ತಿಲ್ಲ. ಮಗುವಿನ ಹಾಗೆ ನೋಡಿಕೊಂಡ ಆಟವಂತೆ!

ಚಿತ್ರಗಳನ್ನು ಕೇಳಿದೆ, ಕಳಿಸಿದರು. ಮುಚ್ಚಳದ ಮೇಲಿನ ಕತ್ತರಿಬಾಲದ ನೊಣಹಿಡುಕ, ತಟ್ಟೆಯಲ್ಲಿ ಜೋಡಿಸಿದ ಬಣ್ಣಬಣ್ಣದ ಮೊಟ್ಟೆಗಳು, ಬೀಸಣಿಗೆಯಂತೆ ಹರಡಿದ ಹಕ್ಕಿ ಕಾರ್ಡ್‌ಗಳು. ಎಲ್ಲ ಕಾರ್ಡ್‌ಗಳೂ ಮುಖ ಮೇಲಾಗಿ. ಹಿಂಬದಿಯ ಚಿತ್ರ ಒಂದೂ ಇರಲಿಲ್ಲ. ಸಾಮಾನ್ಯವಾಗಿ ಯಾರೂ ಹಿಂಬದಿಯ ಚಿತ್ರ ಕೇಳುವುದಿಲ್ಲ, ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು. ಯುಪಿಐ ಮೂಲಕ ಪೂರ್ತಿ ಹಣ ಹಾಕಿಸಿಕೊಂಡು ಡೆಲಿವರಿ ಹುಡುಗನ ಕೈಯಲ್ಲಿ ಪೆಟ್ಟಿಗೆ ಕಳಿಸಿದರು. ಜೊತೆಗೆ ಒಂದು ಸಂದೇಶ: ‘ಎಣಿಸಿ ನೋಡಿ ಸರ್, ಒಂದು ಮೊಟ್ಟೆ ಕಡಿಮೆ ಇದ್ದರೂ ಹಣ ವಾಪಸ್.’

ಎಣಿಸಿದೆ. 170 ಹಕ್ಕಿ ಕಾರ್ಡ್, 26 ಬೋನಸ್ ಕಾರ್ಡ್, 75 ಮೊಟ್ಟೆ, ಐದು ದಾಳ. ಒಂದೂ ಕಡಿಮೆಯಿಲ್ಲ. ಬಳಸಿದ ಆಟ ಕೊಂಡಾಗ ನಾವೆಲ್ಲ ಮಾಡುವುದು ಇದನ್ನೇ ಅಲ್ಲವೇ, ಬಿಡಿಭಾಗಗಳನ್ನು ಎಣಿಸುವುದು? ಎಣಿಕೆ ಸರಿಯಿದ್ದರೆ ವ್ಯವಹಾರ ಮುಗಿಯಿತು, ಗುಂಪಿನಲ್ಲಿ ‘ಒಳ್ಳೆಯ ಮಾರಾಟಗಾರರು’ ಎಂದು ಒಂದು ಸಾಲು ಹಾಕುತ್ತೇವೆ. ನಾನೂ ಹಾಕಿದೆ. ಆ ಸಾಲು ನೋಡಿ ನಮ್ಮ ಕಚೇರಿಯ ಒಬ್ಬರು ಅದೇ ವ್ಯಕ್ತಿಯಿಂದ ಇನ್ನೊಂದು ಆಟ ತರಿಸಿಕೊಂಡಿದ್ದಾರೆ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಭಾನುವಾರ ಗೆಳೆಯರನ್ನು ಕರೆದೆ. ವಿಂಗ್‌ಸ್ಪ್ಯಾನ್ ಬಂದಿದೆ, ಯುರೋಪಿನ ಹಕ್ಕಿಗಳನ್ನೂ ಸೇರಿಸಿ ಆಡೋಣ ಎಂದು ಎಲ್ಲರಿಗೂ ಹೇಳಿದ್ದೆ. ಎರಡೂ ಕಟ್ಟುಗಳನ್ನು ಸೇರಿಸಿ ಕಲಸಿ, ಮೂರು ಕಾರ್ಡ್‌ಗಳನ್ನು ಟ್ರೇಯಲ್ಲಿ ತೆರೆದಿಟ್ಟು ಶುರುಮಾಡಿದೆವು. ಹಕ್ಕಿ ಬೇಕಾದವರು ತೆರೆದ ಮೂರರಲ್ಲಿ ಒಂದನ್ನು ಆರಿಸಬಹುದು, ಇಲ್ಲವೇ ಕಟ್ಟಿನ ಮೇಲಿನದನ್ನು ನೋಡದೆ ತೆಗೆದುಕೊಳ್ಳಬಹುದು. ನೋಡದೆ ತೆಗೆಯುವ ಆ ಧೈರ್ಯದಲ್ಲೇ ಈ ಆಟದ ಅರ್ಧ ಸೊಗಸಿದೆ. ಮೊದಲ ಸುತ್ತು ಮುಗಿಯಿತು. ಎರಡನೆಯ ಸುತ್ತಿನಲ್ಲಿ ಗೆಳೆಯನ ಹೆಂಡತಿ ಕಟ್ಟಿನ ಕಡೆ ಕೈ ಚಾಚಿದವರು ಹಾಗೇ ತಡೆದರು. ‘ಮೇಲಿರುವುದು ಯುರೋಪಿನ ಹಕ್ಕಿ. ನನಗೆ ಅದು ಬೇಡ, ಇದರ ಕೆಳಗಿನದು ಬರಲಿ’ ಎಂದರು.

ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ.

‘ಹಿಂಬದಿಯ ಬಣ್ಣವೇ ಬೇರೆ ಇದೆಯಲ್ಲ. ಮೊದಲಿನಿಂದಲೂ ನೋಡುತ್ತಿದ್ದೇನೆ, ನಿಮಗೆಲ್ಲ ಗೊತ್ತಿದೆ ಎಂದುಕೊಂಡಿದ್ದೆ’ ಎಂದರು.

ಮೇಲಿನ ಕಾರ್ಡ್ ತಿರುಗಿಸಿದೆ. ಮಿಂಚುಳ್ಳಿ. ಯುರೋಪಿನ ವಿಸ್ತರಣೆಯದೇ. ಮುಂದಿನದು ಅಮೆರಿಕದ್ದು ಎಂದರು, ತಿರುಗಿಸಿದೆ, ಹೌದು. ಅದರ ಮುಂದಿನದೂ ಅಮೆರಿಕದ್ದು ಎಂದರು, ಹೌದು. ಅಲ್ಲಿಗೆ ಆಟ ಸತ್ತಿತು. ಯಾರ ಕೈಯಲ್ಲಿ ಎಷ್ಟು ಯುರೋಪಿನ ಹಕ್ಕಿಗಳಿವೆ ಎಂಬುದು ಮೇಜಿನ ಆಚೆಯಿಂದಲೇ ಕಾಣುತ್ತಿತ್ತು. ಗುರುತು ಹಾಕಿದ ಇಸ್ಪೀಟು ಎಲೆಗಳಲ್ಲಿ ಆಡಿದ ಹಾಗೆ. ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಒಬ್ಬ ಮಾತ್ರ ಮೆಲ್ಲಗೆ, ‘ಎಲ್ಲಿಂದ ತಂದೆ ಇದನ್ನು?’ ಎಂದ. ನಾಚಿಕೆಪಡಬೇಕಾದವರು ಮಾರಿದವರು. ಆದರೆ ಮನೆಗೆ ಕರೆದವರ ಮುಂದೆ ತಲೆ ತಗ್ಗಿಸಿ ಕೂತವನು ನಾನು.

ಆಮೇಲೆ ಎರಡೂ ಕಟ್ಟುಗಳ ಒಂದೊಂದು ಕಾರ್ಡನ್ನು ಟ್ಯೂಬ್‌ಲೈಟ್ ಕೆಳಗೆ ಪಕ್ಕಪಕ್ಕ ಹಿಡಿದು ನೋಡಿದೆವು. ವಿಸ್ತರಣೆಯ ಕಾರ್ಡ್‌ನ ಮೇಲ್ಮೈಯಲ್ಲಿ ಬಟ್ಟೆಯ ನೇಯ್ಗೆಯಂಥ ಸಣ್ಣ ಗೀರುಗಳಿವೆ, ಬೆರಳಾಡಿಸಿದರೆ ತಿಳಿಯುತ್ತದೆ. ಇವರು ಮಾರಿದ ಕಾರ್ಡ್ ನುಣ್ಣಗೆ ಜಾರುತ್ತದೆ. ಅಂಚು ಹಿಡಿದು ಮೆಲ್ಲಗೆ ಬಗ್ಗಿಸಿದರೆ ವಿಸ್ತರಣೆಯದು ಥಟ್ಟನೆ ನೇರವಾಗುತ್ತದೆ, ಇದು ಬಗ್ಗಿದ್ದು ಬಗ್ಗಿಯೇ ಇರುತ್ತದೆ. ಹಕ್ಕಿಯ ಹೆಸರಿನ ಕೆಳಗೆ ಓರೆ ಅಕ್ಷರದಲ್ಲಿರುವ ವೈಜ್ಞಾನಿಕ ಹೆಸರನ್ನು ನೋಡಿ: ವಿಸ್ತರಣೆಯಲ್ಲಿ ಗೆರೆ ಗೆರೆಯಾಗಿ ಸ್ಪಷ್ಟ, ಇದರಲ್ಲಿ ಅಕ್ಷರದ ಸುತ್ತ ಮಂಜು ಕವಿದಂತೆ ಚುಕ್ಕೆಗಳು. ಯಾರೋ ಅಸಲಿ ಕಾರ್ಡ್‌ಗಳನ್ನು ಸ್ಕ್ಯಾನ್ ಮಾಡಿ ಮುದ್ರಿಸಿದ್ದಾರೆ. ದಾಳ ಹಾಕುವ ಕಾಗದದ ಗೂಡಿನ ಕೊಂಡಿಗಳು ಸೀಳಿಗೆ ಸರಿಯಾಗಿ ಕೂರುವುದಿಲ್ಲ. ದಾಳದ ಮೇಲಿನ ಇಲಿಯ ಚಿತ್ರ ಒಂದು ಬದಿಗೆ ಸರಿದು ಅದರ ಬಾಲವೇ ಕತ್ತರಿಸಿಹೋಗಿದೆ.

ಆದರೂ ದುಡುಕಬಾರದು ಎಂದುಕೊಂಡೆ. ಅಸಲಿ ಆಟಗಳಲ್ಲೂ ಒಂದು ಮುದ್ರಣಕ್ಕೂ ಇನ್ನೊಂದಕ್ಕೂ ಬಣ್ಣ ಸ್ವಲ್ಪ ಹೆಚ್ಚುಕಡಿಮೆಯಾಗುವುದುಂಟು. ಅದಕ್ಕೇ ನನ್ನ ವಿಸ್ತರಣೆಯನ್ನೂ ಇವರ ಪೆಟ್ಟಿಗೆಯನ್ನೂ ಎತ್ತಿಕೊಂಡು ಮೈಸೂರಿನ ಗೆಳೆಯನ ಮನೆಗೆ ಹೋದೆ. ಅವನ ಮೂಲ ಆಟದ ಜೊತೆ ನನ್ನ ವಿಸ್ತರಣೆ ಬೆರೆಸಿದರೆ ಹಿಂಬದಿ ನೋಡಿ ಬೇರ್ಪಡಿಸಲು ಇಬ್ಬರಿಗೂ ಆಗಲಿಲ್ಲ. ಇವರ ಕಾರ್ಡ್‌ಗಳನ್ನು ಬೆರೆಸಿದರೆ ಅವನ ಮಗಳು, ಇನ್ನೂ ಶಾಲೆಗೆ ಹೋಗುವ ಹುಡುಗಿ, ಆರಿಸಿ ಆರಿಸಿ ಪಕ್ಕಕ್ಕಿಟ್ಟಳು. ಒಂದೂ ತಪ್ಪಲಿಲ್ಲ.

ಈಗ ಮಾರಿದವರ ಉತ್ತರಗಳು.

ಮೊದಲು: ‘ಅದು ಬೇರೆ ಮುದ್ರಣ ಇರಬೇಕು ಸರ್.’ ಹಾಗಾದರೆ ಕಾಗದವೇ ಬೇರೆ ಏಕೆ, ಅಕ್ಷರಗಳು ಕಲಸಿರುವುದೇಕೆ ಎಂದು ಚಿತ್ರಗಳ ಸಮೇತ ಕೇಳಿದೆ. ಬಹಳ ಹೊತ್ತು ಉತ್ತರವಿಲ್ಲ. ಆಮೇಲೆ: ‘ಅಸಲಿಯೂ ಚೀನಾದಲ್ಲೇ ತಯಾರಾಗುವುದು, ಇದೂ ಚೀನಾದ್ದೇ. ವ್ಯತ್ಯಾಸ ಏನು?’ ಅಸಲಿ ಚೀನಾದಲ್ಲಿ ಅಚ್ಚಾಗುತ್ತದೆ ಎಂಬುದು ಪೆಟ್ಟಿಗೆಯ ತಳ ಓದಿದವರಿಗೆಲ್ಲ ಗೊತ್ತು. ಪ್ರಕಾಶಕರು ಹಣ ಕೊಟ್ಟು, ಕಾಗದ ಆರಿಸಿ, ಚಿತ್ರ ಬರೆದವರಿಗೆ ಸಂಭಾವನೆ ಕೊಟ್ಟು ಅಚ್ಚು ಹಾಕಿಸುವುದಕ್ಕೂ, ಅದನ್ನು ಕದ್ದು ಅಚ್ಚು ಹಾಕುವುದಕ್ಕೂ ವ್ಯತ್ಯಾಸ ಏನು ಎಂದು ಕೇಳುತ್ತಾರಲ್ಲ!

ಮತ್ತೆ ಒತ್ತಾಯಿಸಿದಾಗ ಬಂದ ಉತ್ತರ ಇದು: ‘ಹಿಂಬದಿ ಬಣ್ಣದ ಸ್ಲೀವ್ ಹಾಕಿಬಿಡಿ, ಯಾರಿಗೂ ಗೊತ್ತಾಗುವುದಿಲ್ಲ.’ ಸ್ಲೀವ್ ಎಂದರೆ ಕಾರ್ಡ್‌ಗೆ ತೊಡಿಸುವ ಪ್ಲಾಸ್ಟಿಕ್ ಕವರ್.

ಇದನ್ನು ಓದಿದಾಗ ನನಗೆ ಅರ್ಥವಾಯಿತು. ಇವರಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿಲ್ಲದೆ ಮಾರಿದವರು ‘ಅಯ್ಯೋ, ಹೌದೇ?’ ಎನ್ನುತ್ತಾರೆ. ಯಾರಿಗೂ ಗೊತ್ತಾಗುವುದಿಲ್ಲ ಎಂದು ಹೇಳಿಕೊಡುವವರಿಗೆ ಎಲ್ಲ ಗೊತ್ತಿರುತ್ತದೆ. 251 ಕಾರ್ಡ್‌ಗಳಿಗೆ ಸ್ಲೀವ್ ಕೊಳ್ಳುವ ಖರ್ಚೂ ನನ್ನದಂತೆ! ಸ್ಲೀವ್ ಹಾಕಿದರೆ ನನ್ನ ಕಣ್ಣಿಗೆ ಕಾಣದೇ ಹೋಗಬಹುದು, ಕದ್ದ ಮಾಲು ಅಸಲಿಯಾಗುತ್ತದೆಯೇ?

ಹಣ ವಾಪಸ್ ಕೊಡಿ, ಪೆಟ್ಟಿಗೆಯನ್ನು ನನ್ನ ಖರ್ಚಿನಲ್ಲೇ ಕಳಿಸುತ್ತೇನೆ ಎಂದೆ. ಅಷ್ಟರಲ್ಲಿ ‘ಬ್ರದರ್’ ಹೋಗಿತ್ತು, ‘ಸರ್’ ಕೂಡ ಹೋಗಿತ್ತು. ‘ನಾನು ಅಂಗಡಿ ಇಟ್ಟಿಲ್ಲ. ಬಿಡಿಭಾಗ ಕಡಿಮೆಯಿದ್ದರೆ ವಾಪಸ್ ಎಂದಿದ್ದೆ. ಕಡಿಮೆ ಇದೆಯೇ? ಪೆಟ್ಟಿಗೆ ತೆರೆಯುವಾಗ ವಿಡಿಯೊ ಮಾಡಿದ್ದೀರಾ?’ ಎಂದರು. ಕೊನೆಯ ಸಂದೇಶ: ‘ಇಷ್ಟವಿಲ್ಲದಿದ್ದರೆ ನೀವೂ ಯಾರಿಗಾದರೂ ಇದೇ ಬೆಲೆಗೆ ಮಾರಿಬಿಡಿ.’ ಆಮೇಲೆ ನನ್ನನ್ನು ಬ್ಲಾಕ್ ಮಾಡಿದರು.

ನನಗೆ ಮಾಡಿದ ಹಾಗೆ ಇನ್ನೊಬ್ಬರಿಗೂ ಮೋಸ ಮಾಡು ಎಂದು ನನಗೇ ಹೇಳಿಕೊಡುತ್ತಾರೆ. ಈ ಪೆಟ್ಟಿಗೆ ನನ್ನ ಮನೆಯಿಂದ ಹೊರಗೆ ಹೋಗುವುದಿಲ್ಲ. ಮುಚ್ಚಳದ ಮೇಲೆ ದೊಡ್ಡದಾಗಿ ‘ನಕಲಿ’ ಎಂದು ಬರೆದಿಟ್ಟಿದ್ದೇನೆ.

ಗುಂಪಿನ ಅಡ್ಮಿನ್ ಅವರಿಗೂ ಎಲ್ಲ ಕಳಿಸಿದೆ. ‘ವ್ಯವಹಾರ ನಿಮ್ಮಿಬ್ಬರ ನಡುವಿನದು, ಗುಂಪಿನಲ್ಲಿ ಜಗಳ ಬೇಡ’ ಎಂದರು. ನನ್ನ ಸಂದೇಶವನ್ನು ಅಳಿಸಿದರು. ಮಾರಾಟದ ಸಂದೇಶ ಹಾಗೇ ಉಳಿದಿದೆ! ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟಿದ್ದೇನೆ, ಯುಪಿಐ ವಿವರಗಳನ್ನೂ ಸಂದೇಶಗಳ ಸ್ಕ್ರೀನ್‌ಶಾಟ್‌ಗಳನ್ನೂ ಒದಗಿಸಿದ್ದೇನೆ. ಹಣ ಬರುತ್ತದೋ ಇಲ್ಲವೋ, ದಾಖಲೆಯಾದರೂ ಇರಲಿ.

ಕೊಳ್ಳುವವರು ಇಷ್ಟು ಮಾಡಿ. ಕಾರ್ಡ್‌ಗಳ ಹಿಂಬದಿಯ ಚಿತ್ರವನ್ನು ಹತ್ತಿರದಿಂದ ತೆಗೆದು ಕಳಿಸಲು ಹೇಳಿ, ನುಣುಚಿಕೊಂಡರೆ ಅಲ್ಲಿಗೇ ಬಿಟ್ಟುಬಿಡಿ. ಆದಷ್ಟೂ ಎದುರಿಗೆ ಹೋಗಿ, ಕೈಯಲ್ಲಿ ಹಿಡಿದು ನೋಡಿ ಹಣ ಕೊಡಿ. ವಿಸ್ತರಣೆ ಇದ್ದರೆ ಅದರ ಒಂದೆರಡು ಕಾರ್ಡ್ ಜೇಬಿನಲ್ಲಿಟ್ಟುಕೊಂಡು ಹೋಗಿ ಹೋಲಿಸಿ. ಬೆಲೆ ಅಗ್ಗವಾಗಿದ್ದರೆ ಮಾತ್ರ ಅನುಮಾನಿಸಬೇಕು ಎಂದು ಹೇಳುವವರ ಮಾತು ನಂಬಬೇಡಿ, ನನಗೆ ಹೇಳಿದ್ದು ಅಸಲಿ ಬಳಸಿದ ಪೆಟ್ಟಿಗೆಯ ಬೆಲೆಯೇ. ಪೆಟ್ಟಿಗೆ ತೆರೆಯುವ ವಿಡಿಯೊ ಮಾಡಿಟ್ಟುಕೊಳ್ಳಿ, ಇಂಥವರು ಕೊನೆಗೆ ಹಿಡಿಯುವುದು ಅದನ್ನೇ. ಮಗುವಿನ ಹಾಗೆ ನೋಡಿಕೊಂಡೆ ಎನ್ನುವವರಿಂದ ಏನನ್ನೂ ಕೊಳ್ಳಬೇಡಿ.

ಇನ್ನೊಂದು ಮಾತು, ಇದು ತುರ್ತು. ಅದೇ ವ್ಯಕ್ತಿ ಈಗ ಬೇರೆ ಸಂಖ್ಯೆಯಿಂದ, ಬೇರೆ ಗುಂಪಿನಲ್ಲಿ, ಆಜುಲ್ ಎಂಬ ಆಟವನ್ನು ಮಾರಲು ಹಾಕಿದ್ದಾರೆ. ಚಿತ್ರದಲ್ಲಿರುವ ಹಾಸಿಗೆಯ ಹೊದಿಕೆ ಅದೇ, ನೀಲಿ ಚೌಕಳಿಯದು, ಮೂಲೆಯಲ್ಲಿ ಇಸ್ತ್ರಿ ಸುಟ್ಟ ಕಲೆಯಿದೆ. ಪುಣೆಗೆ ವರ್ಗವಾದ ಕಥೆಯೂ ಅದೇ. ಆಜುಲ್‌ನಲ್ಲಿ ಐದು ಬಣ್ಣಗಳ ತಲಾ 20ರಂತೆ 100 ಬಿಲ್ಲೆಗಳಿರುತ್ತವೆ, ಚೀಲದೊಳಗೆ ಕೈಹಾಕಿ ನೋಡದೆ ತೆಗೆಯಬೇಕು. ಅಂಚು ಒರಟಾದ ಬಿಲ್ಲೆಗಳು ಬೆರಳಿಗೆ ಸಿಕ್ಕಿದರೆ ಅಲ್ಲೂ ನನ್ನದೇ ಗತಿ. ನಮ್ಮ ಕಚೇರಿಯವರು ತರಿಸಿಕೊಂಡದ್ದೂ ಅದನ್ನೇ, ಇನ್ನೂ ತೆರೆದಿರಲಿಲ್ಲ. ನಾಳೆ ಅವರ ಮನೆಗೆ ಹೋಗಿ ಜೊತೆಯಲ್ಲೇ ಕೂತು ತೆರೆಯುತ್ತೇನೆ, ವಿಡಿಯೊ ಸಮೇತ. ಆ ಚೌಕಳಿ ಹೊದಿಕೆಯ ಚಿತ್ರ ನಿಮ್ಮ ಗುಂಪಿನಲ್ಲಿ ಕಂಡರೆ ಹಣ ಹಾಕಬೇಡಿ, ಗುಂಪಿನವರಿಗೆಲ್ಲ ತಿಳಿಸಿ.